ಇಂಗ್ಲೆಂಡಿನ ಬೋರ್ಡಿಂಗ್ ಶಾಲೆ: ಹೆಸರಿಗಿಂತ ಮೊದಲು ‘ಹೌಸ್’ ನೋಡಿ

ಮಂಗಳೂರು, ಉಡುಪಿ ಕಡೆಯಿಂದ ಹೋಗಿ ಇಂಗ್ಲೆಂಡಿನಲ್ಲಿ ನೆಲೆಸಿದವರ ಮನೆಗಳಲ್ಲಿ ಮಗುವಿಗೆ ಒಂಬತ್ತು, ಹತ್ತು ವರ್ಷ ತುಂಬುವ ಹೊತ್ತಿಗೆ ಬೋರ್ಡಿಂಗ್ ಶಾಲೆಯ ಮಾತು ಒಮ್ಮೆಯಾದರೂ ಬರುತ್ತದೆ. ಊರಿನಲ್ಲಿರುವ ಅಜ್ಜ ಅಜ್ಜಿಯರಿಗೆ ಅದನ್ನು ಕೇಳಿದ ಕೂಡಲೇ ಮೂಡುಬಿದಿರೆಯ ಪಿಯುಸಿ ಹಾಸ್ಟೆಲುಗಳು ನೆನಪಾಗುತ್ತವೆ, “ಅಷ್ಟು ಸಣ್ಣ ಮಗುವನ್ನು ಹಾಸ್ಟೆಲಿಗೆ ಯಾಕೆ ಹಾಕುವುದು?” ಎಂದು ಫೋನಿನಲ್ಲೇ ಕೇಳುತ್ತಾರೆ. ಹೋಲಿಕೆ ಸಹಜವಾದರೂ ಪೂರ್ತಿ ಸರಿಯಲ್ಲ. ನಮ್ಮಲ್ಲಿ ಹಾಸ್ಟೆಲೆಂದರೆ ತರಗತಿ ಮುಗಿದ ಮೇಲೆ ಉಳಿದುಕೊಳ್ಳುವ ಜಾಗ. ಇಂಗ್ಲೆಂಡಿನಲ್ಲಿ ಶಾಲೆಯ ಬದುಕೇ ‘ಹೌಸ್’ ಎಂಬ ಮನೆಗಳಲ್ಲಿ ಹಂಚಿಹೋಗಿದೆ. ಇದು ಹೀಗೇಕಾಯಿತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲು ಒಂದು ಪದದ ಗೊಂದಲ. ಇಂಗ್ಲೆಂಡಿನಲ್ಲಿ ‘ಪಬ್ಲಿಕ್ ಸ್ಕೂಲ್’ ಎಂದರೆ ಸರಕಾರಿ ಶಾಲೆಯಲ್ಲ, ಶುಲ್ಕ ಕೊಟ್ಟು ಸೇರುವ ಹಳೆಯ ಖಾಸಗಿ ಶಾಲೆ. ಸರಕಾರಿ ಶಾಲೆಗೆ ‘ಸ್ಟೇಟ್ ಸ್ಕೂಲ್’ ಎನ್ನುತ್ತಾರೆ. ಯಾವ ಊರಿನ ಮಗುವಾದರೂ ಬಂದು ಸೇರಬಹುದು, ಒಂದೇ ಊರಿಗೆ ಅಥವಾ ಒಂದೇ ಕಸುಬಿನವರ ಮಕ್ಕಳಿಗೆ ಮೀಸಲಲ್ಲ ಎಂಬ ಅರ್ಥದಲ್ಲಿ ಆ ಹೆಸರು ಬಂತು. ನಮ್ಮ ಊರುಗಳ ಆಂಗ್ಲ ಮಾಧ್ಯಮ ಶಾಲೆಗಳ ಫಲಕದ ಮೇಲಿರುವ ‘ಪಬ್ಲಿಕ್ ಸ್ಕೂಲ್’ ಅಲ್ಲಿಂದ ತಂದದ್ದೇ.

ಬಿಷಪ್ ವಿಲಿಯಂ ಆಫ್ ವಿಕಮ್ 1382ರಲ್ಲಿ ವಿಂಚೆಸ್ಟರ್ ಕಾಲೇಜನ್ನೂ ದೊರೆ ಆರನೆಯ ಹೆನ್ರಿ 1440ರಲ್ಲಿ ಈಟನ್ ಕಾಲೇಜನ್ನೂ ಸ್ಥಾಪಿಸಿದಾಗ ಉದ್ದೇಶ ಸಿರಿವಂತರ ಮಕ್ಕಳಾಗಿರಲಿಲ್ಲ. ಎರಡರಲ್ಲೂ ತಲಾ 70 ಬಡ ವಿದ್ಯಾರ್ಥಿಗಳಿಗೆ ಊಟ, ವಸತಿ, ಲ್ಯಾಟಿನ್ ಪಾಠಗಳನ್ನು ದತ್ತಿಯಿಂದಲೇ ಒದಗಿಸುವ ಏರ್ಪಾಡಿತ್ತು. ಮಠದಲ್ಲಿ ಉಣ್ಣುತ್ತ ಸಂಸ್ಕೃತ ಓದಿದವರನ್ನು ಕಂಡಿರುವ ಉಡುಪಿಯವರಿಗೆ ಈ ಕ್ರಮ ಹೊಸದೆನಿಸದು. ಶಾಲೆಗೆ ಹೆಸರು ಬಂದಂತೆ ಹಣ ಕೊಟ್ಟು ಕಲಿಯುವವರೂ ಬರತೊಡಗಿದರು. ಆದರೆ ದತ್ತಿಯ ಕಟ್ಟಡದಲ್ಲಿ ಅವರಿಗೆ ಜಾಗವಿಲ್ಲದ ಕಾರಣ ಪೇಟೆಯ ಮನೆಗಳಲ್ಲಿ, ಮುಂದೆ ಮೇಷ್ಟರುಗಳ ಮನೆಗಳಲ್ಲಿ, ಬಾಡಿಗೆ ಕೊಟ್ಟು ಉಳಿದರು. ಮಂಗಳೂರಿನಲ್ಲಿ ಇಂದು ‘ಪಿಜಿ’ ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ. ಈಟನ್ನಿನಲ್ಲಿ ಇಂಥವರಿಗೆ ‘ಒಪಿಡನ್’ ಎಂಬ ಹೆಸರಾಯಿತು. ಲ್ಯಾಟಿನ್ನಿನಲ್ಲಿ ಒಪ್ಪಿಡಂ ಎಂದರೆ ಪಟ್ಟಣ. ಹೌಸ್ ಪದ್ಧತಿ ಬೆಳೆದದ್ದು ಈ ಬಾಡಿಗೆಯ ಮನೆಗಳಿಂದ. ಈಟನ್ನಿನ ಸುಮಾರು 1,300 ಹುಡುಗರಲ್ಲಿ 70 ಮಂದಿ ಇಂದಿಗೂ ದೊರೆಯ ಹೆಸರಿನ ವಿದ್ಯಾರ್ಥಿವೇತನದವರು. ಉಳಿದವರೆಲ್ಲರೂ ಒಪಿಡನ್‌ಗಳೇ, ಒಂದೊಂದು ಹೌಸಿನಲ್ಲಿ ಐವತ್ತರಷ್ಟು ಜನ.

ರಗ್ಬಿ ಶಾಲೆಯಲ್ಲಿ 1828ರಿಂದ 1842ರವರೆಗೆ ಮುಖ್ಯೋಪಾಧ್ಯಾಯರಾಗಿದ್ದ ಥಾಮಸ್ ಆರ್ನಲ್ಡ್ ಹಿರಿಯ ವಿದ್ಯಾರ್ಥಿಗಳ ಕೈಗೆ ಶಿಸ್ತಿನ ಹೊಣೆಯನ್ನು ಕೊಟ್ಟು, ಪ್ರಾರ್ಥನಾ ಮಂದಿರವನ್ನು ಶಾಲೆಯ ಕೇಂದ್ರವಾಗಿಸಿದರು. ಉಳಿದ ಶಾಲೆಗಳು ಅದನ್ನು ಅನುಸರಿಸಿದವು. ಈ ಪರಂಪರೆಗೆ ಕರಾಳ ಮುಖವೂ ಇತ್ತು. ಕಿರಿಯರು ಹಿರಿಯರ ಚಾಕರಿ ಮಾಡುವ ‘ಫ್ಯಾಗಿಂಗ್’ 20ನೇ ಶತಮಾನದ ಉತ್ತರಾರ್ಧದವರೆಗೂ ಉಳಿದಿತ್ತು. ಖಾಸಗಿ ಶಾಲೆಗಳಲ್ಲಿ ಬೆತ್ತದೇಟು ಕಾನೂನಿನಿಂದ ನಿಂತದ್ದು 1999ರಲ್ಲಿ ಮಾತ್ರ. ಶಾಲೆಯ ಪುಸ್ತಿಕೆಗಳು ಪರಂಪರೆಯನ್ನು ವರ್ಣಿಸುವಾಗ ಇದನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಇಂದು ಹೌಸ್‌ಮಾಸ್ಟರ್ ಅಥವಾ ಹೌಸ್‌ಮಿಸ್ಟ್ರೆಸ್ ಅದೇ ಕಟ್ಟಡಕ್ಕೆ ಅಂಟಿದ ಮನೆಯಲ್ಲಿ ಸಂಸಾರ ಸಮೇತ ಇರುವುದು ವಾಡಿಕೆ. ಮಗುವಿನ ಬಟ್ಟೆ, ಜ್ವರ, ಔಷಧಿ ‘ಮೇಟ್ರನ್’ ಎಂಬ ಮಹಿಳೆಯ ಜವಾಬ್ದಾರಿ. ಸಂಜೆಯ ಕಡ್ಡಾಯ ಓದಿಗೆ ‘ಪ್ರೆಪ್’ ಎಂದು ಹೆಸರು. ತಂದೆತಾಯಿಗಳು ವರ್ಷವಿಡೀ ಮಾತನಾಡುವುದು ಮುಖ್ಯೋಪಾಧ್ಯಾಯರೊಂದಿಗಲ್ಲ, ಹೌಸ್‌ಮಾಸ್ಟರ್ ಜೊತೆ. ನಮ್ಮ ಶಾಲೆಗಳಲ್ಲಿ ಕ್ರೀಡಾಕೂಟದ ದಿನ ಮಾತ್ರ ನೆನಪಾಗುವ ಕೆಂಪು, ನೀಲಿ, ಹಸಿರು ಹೌಸುಗಳು ಈ ಪದ್ಧತಿಯ ನೆರಳಷ್ಟೇ. ಸಸ್ಯಾಹಾರ ಎಲ್ಲ ಕಡೆ ಸಿಗುತ್ತದೆ, ಆದರೆ ಅಲ್ಲಿಯ ಲೆಕ್ಕದಲ್ಲಿ ಮೊಟ್ಟೆಯೂ ಸಸ್ಯಾಹಾರವೇ. ಮೊಟ್ಟೆ ತಿನ್ನದ ಮನೆಯವರು ಅದನ್ನು ಮೊದಲೇ ಬರೆದು ತಿಳಿಸಬೇಕು.

ಹೊರಗಿನವರ ಕಣ್ಣಿಗೆ ಬೀಳುವುದು ಉಡುಪು: ಈಟನ್ನಿನ ಬಾಲದ ಕಪ್ಪು ಕೋಟು, ಹ್ಯಾರೋದ ಹುಲ್ಲಿನ ಟೋಪಿ, 1552ರಲ್ಲಿ ಹುಟ್ಟಿದ ಕ್ರೈಸ್ಟ್ಸ್ ಹಾಸ್ಪಿಟಲ್ ಶಾಲೆಯ ನೀಲಿ ನಿಲುವಂಗಿ ಮತ್ತು ಹಳದಿ ಕಾಲುಚೀಲ. ಈ ಮೂರನೆಯ ಶಾಲೆಯಲ್ಲಿ ಬಹುಪಾಲು ಮಕ್ಕಳು ಶುಲ್ಕ ರಿಯಾಯಿತಿಯಲ್ಲಿ ಓದುತ್ತಾರೆ. ದತ್ತಿಯ ಮೂಲ ಉದ್ದೇಶ ಅಲ್ಲಿ ಇನ್ನೂ ಜೀವಂತವಾಗಿದೆ ಎಂದು ನನಗೆ ಅನಿಸುತ್ತದೆ. ಅವಧಿಗಳ ಹೆಸರೂ ವಿಚಿತ್ರ. ಮಿಕಲ್ಮಸ್, ಲೆಂಟ್, ಸಮ್ಮರ್ ಎಂದು ವರ್ಷಕ್ಕೆ ಮೂರು ಅವಧಿ. ಈಟನ್ನಿನಲ್ಲಿ ಆ ಮೂರರಲ್ಲಿ ಒಂದೊಂದನ್ನೂ ‘ಹಾಫ್’, ಅಂದರೆ ಅರ್ಧ, ಎನ್ನುತ್ತಾರೆ. ಲೆಕ್ಕದ ಮೇಷ್ಟರು ಸುಮ್ಮನಿರುವುದು ಹೇಗೋ!

ಸೇರ್ಪಡೆ ಸಾಮಾನ್ಯವಾಗಿ 11, 13 ಅಥವಾ 16ನೇ ವಯಸ್ಸಿನಲ್ಲಿ. 13ಕ್ಕೆ ಸೇರಿಸಿಕೊಳ್ಳುವ ಹೆಸರಾಂತ ಶಾಲೆಗಳು ಹೆಸರು ನೋಂದಣಿಯನ್ನು ಸುಮಾರು ಮೂರು ವರ್ಷ ಮೊದಲೇ ಮುಗಿಸಿ, ಮಗು ಹತ್ತು, ಹನ್ನೊಂದು ವಯಸ್ಸಿನವರ ತರಗತಿಯಾದ ಆರನೇ ಇಯರ್‌ನಲ್ಲಿರುವಾಗಲೇ ಪೂರ್ವಪರೀಕ್ಷೆ ನಡೆಸುತ್ತವೆ. ನಮ್ಮವರು ಏಳನೇ ತರಗತಿಯಲ್ಲಿ ವಿಚಾರಿಸಲು ಹೊರಟರೆ ಹೊತ್ತು ಮೀರಿರುತ್ತದೆ. ಬೋರ್ಡಿಂಗ್ ಶುಲ್ಕ ಅನೇಕ ಕಡೆ ವರ್ಷಕ್ಕೆ 40,000 ಪೌಂಡ್ ದಾಟಿದ್ದು, 2025ರ ಜನವರಿ 1ರಿಂದ ಶೇ. 20ರ ವ್ಯಾಟ್ ಕೂಡ ಸೇರಿದೆ. ಪ್ರತಿಭೆಗೆ ಕೊಡುವ ‘ಸ್ಕಾಲರ್‌ಶಿಪ್’ನಲ್ಲಿ ಈಗ ಹಣಕ್ಕಿಂತ ಗೌರವವೇ ಹೆಚ್ಚು, ಆದಾಯ ನೋಡಿ ಕೊಡುವ ‘ಬರ್ಸರಿ’ಯನ್ನು ಬೇರೆಯಾಗಿಯೇ ಕೇಳಬೇಕು. ಪಾಠಕ್ಕೆ ಹಣ ಪಡೆಯದೆ ವಸತಿಗಷ್ಟೇ ಶುಲ್ಕ ವಿಧಿಸುವ ಸ್ಟೇಟ್ ಬೋರ್ಡಿಂಗ್ ಶಾಲೆಗಳೂ ಇವೆ. ಚೈಲ್ಡ್ ಸ್ಟೂಡೆಂಟ್ ವೀಸಾದಲ್ಲಿ ಊರಿನಿಂದ ನೇರವಾಗಿ ಬರುವ ಮಕ್ಕಳಿಗೆ ಅಲ್ಲಿ ಅವಕಾಶವಿಲ್ಲ. ಬಿಡಿಸಿಕೊಳ್ಳುವುದಾದರೆ ಒಂದು ಪೂರ್ತಿ ಅವಧಿ ಮುಂಚೆ ಲಿಖಿತ ಸೂಚನೆ ಕೊಡಬೇಕೆಂಬ ಷರತ್ತು ಸಾಮಾನ್ಯ. ತಪ್ಪಿದರೆ ಒಂದು ಅವಧಿಯ ಶುಲ್ಕ ಕಟ್ಟಬೇಕಾಗುತ್ತದೆ.

ಶಾಲೆ ನೋಡಲು ಹೋದಾಗ ಹಳೆಯ ಪ್ರಾರ್ಥನಾ ಮಂದಿರವನ್ನು ನೋಡಿ ಮರಳಬೇಡಿ. ಮಗು ಇರಬೇಕಾದ ಹೌಸಿನ ಒಳಗೆ ಹೋಗಿ, ಶನಿವಾರ ಸಂಜೆ ಅಲ್ಲಿ ಎಷ್ಟು ಮಕ್ಕಳು ಉಳಿಯುತ್ತಾರೆಂದು ಕೇಳಿ. ಬೋರ್ಡಿಂಗ್ ಎಂದು ಹೆಸರಿದ್ದರೂ ಎಷ್ಟೋ ಕಡೆ ಸ್ಥಳೀಯ ಮಕ್ಕಳು ಶುಕ್ರವಾರವೇ ಮನೆಗೆ ಹೋಗಿ, ದೂರದವರು ಮಾತ್ರ ಉಳಿಯುತ್ತಾರೆ. ‘ಎಕ್ಸಿಯಟ್’ ಎಂಬ ರಜೆಯ ವಾರಾಂತ್ಯಗಳಲ್ಲಿ ಮತ್ತು ಅವಧಿಯ ನಡುವಿನ ರಜೆಯಲ್ಲಿ ಹೌಸಿಗೇ ಬೀಗ ಬೀಳುವುದುಂಟು. ಮಗುವನ್ನು ಇಂಗ್ಲೆಂಡಿನಲ್ಲಿ ಬಿಟ್ಟು ತಂದೆತಾಯಿಗಳು ಊರಿನಲ್ಲಿಯೋ ಕೊಲ್ಲಿ ದೇಶದಲ್ಲಿಯೋ ಇರುವುದಾದರೆ, ಆ ದಿನಗಳಲ್ಲಿ ಮಗುವನ್ನು ಕರೆದೊಯ್ಯಲು ಅವರ ಬದಲಿಗೆ ನಿಲ್ಲುವ ‘ಗಾರ್ಡಿಯನ್’ ಒಬ್ಬರು ಇಂಗ್ಲೆಂಡಿನಲ್ಲೇ ಇರಬೇಕು. ಅವರ ಹೆಸರನ್ನು ಶಾಲೆ ಪ್ರವೇಶದ ವೇಳೆಗೇ ಕೇಳುತ್ತದೆ.