ದಿನಕ್ಕಿಷ್ಟು ಅಡಿಕೆ ಮರ: ಡಿಸ್ಕ್ ಆಪರೇಷನ್ ಆದವರನ್ನು ನಾನು ನಡೆಸಿದ್ದು

ಸೊಂಟ ಎಳೆಯುವ ನನ್ನ ಟ್ರ್ಯಾಕ್ಷನ್ ಮಂಚದ ಮೇಲೆ ಈಗ ಮಳೆಗಾಲದ ಬಟ್ಟೆ ಒಣಗುತ್ತಿದೆ. ಮಂಚ, ನೋವಿಗೆ ಸಣ್ಣ ಕರೆಂಟ್ ಕೊಡುವ ಐಎಫ್‌ಟಿ, ಅಲ್ಟ್ರಾಸೌಂಡ್ ಎಲ್ಲಾ ಸೇರಿ ಎರಡು ಲಕ್ಷದ ಹತ್ತಿರ ಸಾಲ ಮಾಡಿದ್ದೆ. ಶಿವಮೊಗ್ಗದಲ್ಲಿ ಫಿಸಿಯೋ ಕ್ಲಿನಿಕ್ ಇಟ್ಟರೆ ಮೆಷಿನ್ ಕಾಣಬೇಕು, ಇಲ್ಲಾಂದ್ರೆ ಜನ ಬರಲ್ಲ ಅಂತ ಎಲ್ಲರೂ ಹೇಳಿದ್ದರು. ಜನ ಬಂದರು. ಆದರೆ ಎರಡು ಸಲ ಬಂದು ನಿಂತುಬಿಟ್ಟರು.

ಯಾಕೆ ಅಂತ ಒಬ್ಬ ತೀರ್ಥಹಳ್ಳಿ ಗೌಡರು ಲೆಕ್ಕ ಹಾಕಿ ತೋರಿಸಿದರು. ನನ್ನ ಫೀಸು 300. ಬಂದು ಹೋಗೋಕೆ 120 ಕಿಲೋಮೀಟರ್, ಬಾಡಿಗೆ ಕಾರಿಗೆ 2,000. "ನಿಮ್ಗೆ ಕೊಡೋದು ಭಾರ ಅಲ್ಲ ಡಾಕ್ಟ್ರೇ, ಕಾರಿಗೆ ಕೊಟ್ಟು ಸಾಕಾಯ್ತು" ಅಂದರು. ಅವರ ಆಪರೇಷನ್ ಖರ್ಚು ಆರೋಗ್ಯ ಕಾರ್ಡಿನಲ್ಲಿ ಕಳೆದಿತ್ತು. ಆಮೇಲಿನದ್ದೆಲ್ಲ ಕೈಯಿಂದಲೇ.

ಆಪರೇಷನ್ ಅಂದರೆ ಬೆನ್ನುಮೂಳೆಯ ನಡುವಿನಿಂದ ಜಾರಿ ನರ ಒತ್ತುತ್ತಿರುವ ಡಿಸ್ಕಿನ ತುಂಡನ್ನು ತೆಗೆಯುವುದು. ಟ್ಯೂಬ್ ಹಾಕಿ ಮಾಡಿದರೆ ಎರಡು ಸೆಂಟಿಮೀಟರ್ ಆಸುಪಾಸಿನ ಗಾಯ, ಎಂಡೋಸ್ಕೋಪ್ ಆದರೆ ಅದಕ್ಕಿಂತ ಚಿಕ್ಕದು. ಹೆಚ್ಚಿನವರು ಮಾರನೇ ದಿನ ನಡೆದುಕೊಂಡು ಹೊರಗೆ ಬರುತ್ತಾರೆ. ತೊಂದರೆ ಇರುವುದು ಗಾಯ ಚಿಕ್ಕದಾಗಿರುವುದರಲ್ಲೇ. ಕಾಲಿಗೆ ಇಳಿಯುತ್ತಿದ್ದ ನೋವು ಒಂದೇ ರಾತ್ರಿಗೆ ಮಾಯ. ಹಾಗಾಗಿ ಗಂಡಸರು ಎರಡನೇ ವಾರಕ್ಕೇ ಗೊಬ್ಬರದ ಬುಟ್ಟಿ ಎತ್ತುತ್ತಾರೆ. ಇನ್ನು ಕೆಲವು ಮನೆಗಳಲ್ಲಿ ಅಜ್ಜಿಯದೇ ಕಾನೂನು: "ಕೊಯ್ದ ಸೊಂಟ, ಬಾಣಂತಿ ಹಂಗೆ ಮೂರು ತಿಂಗಳು ಮಲಗ್ಬೇಕು." ಒಬ್ಬರನ್ನು ಹಿಡಿದು ಕೂರಿಸಬೇಕು, ಇನ್ನೊಬ್ಬರನ್ನು ಎಬ್ಬಿಸಬೇಕು.

"ದಿನಕ್ಕೆ ನಾಲ್ಕು ಸಲ ಹತ್ತು ನಿಮಿಷ ನಡೀರಿ" ಅಂತ ಬರೆದುಕೊಟ್ಟರೆ ಯಾರೂ ಮಾಡುತ್ತಿರಲಿಲ್ಲ. ತೋಟದಲ್ಲಿ ಗಡಿಯಾರ ಯಾರು ನೋಡ್ತಾರೆ? ಆದರೆ ಮರ ಎಣಿಸು ಅಂದರೆ ಎಣಿಸುತ್ತಾರೆ. ಮರ ಎಣಿಸುವುದು ಅವರ ರಕ್ತದಲ್ಲೇ ಇದೆ. ಒಂಬತ್ತು ಅಡಿಗೊಂದು ಮರ, ಅಂದರೆ ನೂರು ಮರಕ್ಕೆ 270 ಮೀಟರ್. ಎಕರೆಗೆ 540ರ ಸುಮಾರು ಮರ, ಅಷ್ಟಕ್ಕೆ ಒಂದೂವರೆ ಕಿಲೋಮೀಟರ್ ಹತ್ತಿರ. ಮೊದಲ ವಾರ ಒಂದು ಸಲಕ್ಕೆ ಮೂವತ್ತು ಮರ ಹೋಗಿ ಮೂವತ್ತು ಬರುವುದು, ದಿನಕ್ಕೆ ನಾಲ್ಕು ಸಲ. ಆರನೇ ವಾರಕ್ಕೆ ಒಂದೇ ಸಲಕ್ಕೆ "ಎಕರೆ" ಮುಗಿಸಬೇಕು. ಭಾರದ ಲೆಕ್ಕವೂ ಹಾಗೇ: ಮೊದಲ ತಿಂಗಳು ಒಂದು ತಂಬಿಗೆ ನೀರಿಗಿಂತ ಜಾಸ್ತಿ ಎತ್ತುವಂತಿಲ್ಲ.

ಇದನ್ನು ಒಬ್ಬ ಸರ್ಜನ್‌ಗೆ ಹೇಳಿದಾಗ ಟೀ ಚೆಲ್ಲುವಷ್ಟು ನಕ್ಕರು. ನನ್ನ ಸೀನಿಯರ್ ಒಬ್ಬರಂತೂ "ಮರ ಎಣಿಸೋಕೆ ಡಿಗ್ರಿ ಯಾಕಪ್ಪಾ ಬೇಕಿತ್ತು?" ಅಂದರು.

ಅವರ ಮಾತು ನಿಜವಾಗುವ ಹಾಗೆ ಮೂರನೇ ಪೇಷೆಂಟಿನಲ್ಲೇ ಎಡವಿದೆ. ತಪ್ಪು ನನ್ನದೇ. ಎಣಿಸಿ ಅಂದೆ, ಎಲ್ಲಿ ಅಂತ ಹೇಳಲಿಲ್ಲ. ಅವರು ಒಂದು ಸಾಲು ಮುಗಿಸಿ ಪಕ್ಕದ ಸಾಲಿಗೆ ಹೋಗಲು ಕಾದಿಗೆ, ಅಂದರೆ ತೋಟದ ನೀರಿನ ಕಾಲುವೆ, ಹಾರಿದ್ದಾರೆ. ಒಂದು ಕಾಲು ಆಚೆ ದಡ, ಇನ್ನೊಂದು ಕೆಸರಲ್ಲಿ, ಸೊಂಟ ಅಡ್ಡಡ್ಡ ತಿರುಚಿದೆ. ಹದಿನೆಂಟನೇ ದಿನ ಅದು. ಮತ್ತೆ ಎಂಆರ್‌ಐ, ಸೊಂಟದ ಅದೇ ಎಲ್4-ಎಲ್5 ಡಿಸ್ಕ್, ಮತ್ತೆ ಆಪರೇಷನ್ ಟೇಬಲ್ ಮೇಲೆ. ಎಂಆರ್‌ಐ ದುಡ್ಡು ನಾನು ಕೊಟ್ಟೆ. ಅವರು ಬೇಡ ಅಂದರು, ಆದರೂ ಕೊಟ್ಟೆ. ಆರು ತಿಂಗಳು ಯಾರಿಗೂ ಮರದ ಮಾತೆತ್ತಲಿಲ್ಲ.

ಆಮೇಲೆ ಬೈಕಿನಲ್ಲಿ ಅಳತೆ ಟೇಪು ಹಾಕಿಕೊಂಡು ಮನೆ ಮನೆಗೆ ಹೋಗತೊಡಗಿದೆ. ಹೊಸನಗರ ಕಡೆಯ ಹಳೇ ತೋಟಗಳಲ್ಲಿ ಏಳೇ ಅಡಿಗೆ ಮರ ಇತ್ತು, ಲೆಕ್ಕ ಬದಲಾಯಿಸಿದೆ. ತೋಟದೊಳಗೆ ಬೇಡ, ಗಾಡಿ ದಾರಿ ಪಕ್ಕದ ಅಂಚಿನ ಸಾಲು ಮಾತ್ರ. ಮೊದಲ ಮರಕ್ಕೂ ಕೊನೆ ಮರಕ್ಕೂ ಸುಣ್ಣದ ಪಟ್ಟಿ. ತಿರುಗುವಾಗ ಸೊಂಟ ತಿರುಗಿಸುವಂತಿಲ್ಲ, ಸಣ್ಣ ಹೆಜ್ಜೆಯಲ್ಲಿ ಇಡೀ ಮೈ ತಿರುಗಬೇಕು. ಜುಲೈ ಬಂದರೆ ತೋಟ ಬಂದ್. ಆಗ ಪಾಚಿ ಮೇಲೆ ಸೋಗೆ ಹಾಸಿದ ಅಂಗಳ, ಅದೂ ಜಾರಿದರೆ ಜಗುಲಿ. ಇಪ್ಪತ್ತಡಿ ಜಗುಲಿಯಲ್ಲಿ ಎಣಿಸಿ ಎಣಿಸಿ ಒಬ್ಬ ಭಟ್ಟರಿಗೆ ತಲೆ ಸುತ್ತಿತು. ಅವರಿಗೆ ಸಹಸ್ರನಾಮ ಹೇಳಿಕೊಂಡು ನಡೆಯಿರಿ ಅಂದೆ. ಅದು ಗಡಿಯಾರಕ್ಕಿಂತ ಚೆನ್ನಾಗಿ ಕೆಲಸ ಮಾಡಿತು.

ಕಾರಿನ ಪ್ರಯಾಣಕ್ಕೂ ಒಂದು ಕಟ್ಟುಪಾಡು. ಡಿಸ್ಚಾರ್ಜ್ ಆಗಿ ತೀರ್ಥಹಳ್ಳಿಗೆ ಹೋಗುವವರು ಸಕ್ರೆಬೈಲಿನಲ್ಲಿ ಒಂದು ಸಲ, ಮಂಡಗದ್ದೆಯಲ್ಲಿ ಒಂದು ಸಲ ಇಳಿದು ನಡೆಯಬೇಕು. ಒಂದೇ ಸಮ ಅರ್ಧ ಗಂಟೆಗಿಂತ ಜಾಸ್ತಿ ಕೂರುವಂತಿಲ್ಲ. ಡ್ರೈವರುಗಳು ಮೊದಲು ಗೊಣಗುತ್ತಿದ್ದರು. ಈಗ ಅವರೇ ನಿಲ್ಲಿಸುತ್ತಾರೆ.

ನಡುವೆ ಒಂದಿಷ್ಟು ಹುಚ್ಚು ಪ್ರಯೋಗವೂ ಆಯಿತು. ಅಡಿಕೆ ಹಾಳೆ ಸುತ್ತಿ ಸೊಂಟಕ್ಕೆ ಒರಗು ಮಾಡಿದೆ. ಒಣಗಿ ಪಟಪಟ ಸೀಳಿತು. ಹಳೇ ಪಂಚೆ ಸುರುಳಿಯೇ ವಾಸಿ. ಸ್ನಾನಕ್ಕೆ ಬಕೆಟ್ಟನ್ನು ಸ್ಟೂಲಿನ ಮೇಲೆ ಇಟ್ಟಿದ್ದು ಮಾತ್ರ ಗೆದ್ದಿತು, ಬಗ್ಗುವುದು ಅರ್ಧಕ್ಕರ್ಧ ತಪ್ಪಿತು. ಅಡಿಕೆ ಸುಲಿತಕ್ಕೆ ಹೋಗುವ ಒಬ್ಬ ಅಕ್ಕನಿಗೆ ಸುಲಿಯುವ ಮೆಟ್ಟುಗತ್ತಿಯನ್ನು ಎರಡು ಕೆಂಪುಕಲ್ಲಿನ ಮೇಲೆ ಎತ್ತರಿಸಿ ಕೊಟ್ಟೆ, ಬೆನ್ನು ನೆಟ್ಟಗಾಯಿತು. ಮೂರನೇ ದಿನ ಕಲ್ಲು ತೆಗೆದು ಪಕ್ಕಕ್ಕಿಟ್ಟಿದ್ದರು. "ನಿಮ್ ಕಲ್ಲಿನ ಮೇಲೆ ಸುಲಿದ್ರೆ ಅರ್ಧ ಕೂಲಿ ಹೋಗ್ತದೆ" ಅಂದರು. ಸುಲಿತ ಕಮ್ಮಿಯಾದರೆ ದುಡ್ಡು ಕಮ್ಮಿ, ನನಗೆ ಅದು ಹೊಳೆದಿರಲೇ ಇಲ್ಲ. ಕೊನೆಗೆ ಮೆಟ್ಟುಗತ್ತಿ ಮೊದಲಿನ ಹಾಗೇ ನೆಲದ ಮೇಲೆ, ಆದರೆ ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಸಿಪ್ಪೆ ಹಾಕಿ ಬರುವುದು ಅಂತ ರಾಜಿಯಾದೆವು. ಅದೂ ಆಪರೇಷನ್ ಆಗಿ ಮೂರು ತಿಂಗಳು ಕಳೆದ ಮೇಲೆ.

ಕಾಲಿನ ನರ ಅಂಟಿಕೊಳ್ಳದೆ ಸಲೀಸಾಗಿ ಜಾರಲಿ ಅಂತ ಮಾಡಿಸುವ ವ್ಯಾಯಾಮವನ್ನು ಮೊದಲೆಲ್ಲ ಅವಸರದಲ್ಲಿ ಶುರು ಮಾಡಿ ಇಬ್ಬರಿಗೆ ಕಾಲು ಉರಿ ತರಿಸಿದ್ದೇನೆ. ಈಗ ಮಲಗಿಸಿ ಕಾಲನ್ನು ನೆಟ್ಟಗೆ ಎತ್ತಿ ನೋಡುವ ಎಸ್‌ಎಲ್‌ಆರ್ ಪರೀಕ್ಷೆ ಸರಿ ಅಂದ ಮೇಲೇ ಮುಂದಿನದು. ಪಾದದ ಜೋಮು ಯಾವಾಗ ಹೋಗುತ್ತೆ ಅಂತ ಪ್ರತಿಯೊಬ್ಬರೂ ಕೇಳುತ್ತಾರೆ. ನರ ದಿನಕ್ಕೆ 1 ಮಿಲಿಮೀಟರ್ ಬೆಳೆದರೆ ಪುಣ್ಯ. "ಅಡಿಕೆ ಸಸಿ ನೆಟ್ಟು ಫಸಲಿಗೆ ಐದಾರು ವರ್ಷ ಕಾಯ್ತೀರಿ, ಇದಕ್ಕೆ ಐದಾರು ತಿಂಗಳು ಆಗಲ್ವಾ?" ಅಂದರೆ ಸುಮ್ಮನಾಗುತ್ತಾರೆ. ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ, ಪಾದ ಎತ್ತಲಾಗದಿದ್ದರೆ, ಗಾಯ ಸೋರಿದರೆ ಅಥವಾ ಜ್ವರ ಬಂದರೆ ನನಗೆ ಫೋನ್ ಮಾಡುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ ಅಂತ ಮನೆಯವರಿಗೆ ಬರೆದು ಕೊಡುತ್ತೇನೆ. ಹೆಂಗಸರ ಕೈಗೇ ಕೊಡುತ್ತೇನೆ, ಗಂಡಸರು ಕಳೆದುಹಾಕುತ್ತಾರೆ.

ಮೂರನೇ ವಾರ ಎಲ್ಲರೂ ಕೈಕೊಡುತ್ತಾರೆ, ನಡೆಯುವುದನ್ನೇ ಬಿಡುತ್ತಾರೆ. ನೋವು ಹೋದ ಮೇಲೆ ಮರ ಯಾಕೆ ಎಣಿಸಬೇಕು? ಅದಕ್ಕೆ ನನ್ನ ಹತ್ತಿರ ಒಂದು ಉಪಾಯ ಇದೆ, ಖರ್ಚು ಐದು ರೂಪಾಯಿ. ಅದನ್ನು ಇಲ್ಲಿ ಹೇಳಲ್ಲ. ಹೊಟ್ಟೆಪಾಡು ನೋಡಿ.

ನಾಲ್ಕು ವರ್ಷದಲ್ಲಿ ಅಂದಾಜು ಅರವತ್ತು ಜನ ಆಗಿರಬೇಕು. ಮತ್ತೆ ಡಿಸ್ಕ್ ಜಾರಿದ್ದು ಕಾದಿಗೆಯವರನ್ನು ಸೇರಿಸಿ ಮೂವರಿಗೆ. ಒಬ್ಬರು ಐದನೇ ವಾರಕ್ಕೆ ತುಂಬಿದ ಸಿಲಿಂಡರ್ ಎತ್ತಿದ್ದರು. ಒಬ್ಬರಿಗೆ ಕಾರಣವೇ ತಿಳಿಯಲಿಲ್ಲ. ಉಳಿದವರಲ್ಲಿ ಮುಕ್ಕಾಲು ಪಾಲು ಮೂರು, ಮೂರೂವರೆ ತಿಂಗಳಿಗೆ ತೋಟದ ಕೆಲಸಕ್ಕೆ ಮರಳಿದರು. ಮನೆಗೆ ಒಂದು ಸಲ ಹೋಗಿ ಬರಲು 800 ತೆಗೆದುಕೊಳ್ಳುತ್ತೇನೆ, ಒಬ್ಬರಿಗೆ ನಾಲ್ಕೇ ಸಲ, ಉಳಿದದ್ದು ಫೋನಿನಲ್ಲಿ. ಜೊತೆಗೆ ಬಾಳೆಗೊನೆ, ಕಾಳುಮೆಣಸು ಬರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಸಾಲ ಹೋದ ವರ್ಷ ತೀರಿತು. ಟೀ ಚೆಲ್ಲಿದ ಸರ್ಜನ್ ಈಗ ಡಿಸ್ಚಾರ್ಜ್ ಚೀಟಿಯ ಹಿಂದೆ ನನ್ನ ನಂಬರ್ ಬರೆದು ಕಳಿಸುತ್ತಾರೆ.

ಮೊನ್ನೆ ಸಾಗರದ ಕಡೆಯಿಂದ ಒಬ್ಬರು ಫೋನ್ ಮಾಡಿದ್ದರು. ಅಡಿಕೆ ಇಲ್ಲ, ಬರೀ ರಬ್ಬರ್. ಆ ಮರದ ಅಂತರ ಬೇರೆ, ಗುಡ್ಡ ಬೇರೆ. ಸಾಲದ್ದಕ್ಕೆ ಹಾಲು ತೆಗೆಯಲು ಮರದ ಬುಡದ ಹತ್ತಿರ ಗೀರುವಾಗ ಪೂರ್ತಿ ಬಗ್ಗಬೇಕು. ಭಾನುವಾರ ಟೇಪು ಹಿಡಿದು ಹೋಗುತ್ತಿದ್ದೇನೆ.