ಹತ್ತಿರದಿಂದ ಗುಂಡು ಬಿದ್ದ ಬಾಡಿ ಪೋಸ್ಟ್‌ಮಾರ್ಟಂಗೆ ಬಂದ್ರ ಹೆಂಗ ನೋಡ್ಬೇಕು

ರಾಯಚೂರು, ಕೊಪ್ಪಳ ಕಡೆ ತಾಲೂಕು ಆಸ್ಪತ್ರ್ಯಾಗ ಹೊಸದಾಗಿ ಡ್ಯೂಟಿ ಸೇರಿದ ಡಾಕ್ಟರ್‌ಗಳಿಗೆ ಇದು, ಯಾಕಂದ್ರ ನಮ್ಮ ಕಡೆ ಗುಂಡಿನ ಕೇಸ್ ಬರೋದ ಅಪರೂಪ, ಬಂದಾಗ ಕೈಕಾಲ ಆಡಂಗಿಲ್ಲ.

ಮೊದ್ಲು ಬಾಡಿ ತೊಳೀಬ್ಯಾಡ್ರಿ. ನನ್ನ ಮೊದಲ್ನೇ ಕೇಸಿನ್ಯಾಗ ನಾ ಬರೋದ್ರೊಳಗ ಹೆಲ್ಪರ್ ರಕ್ತ ಅಂತ ಹಸಿ ಬಟ್ಟೀಲೆ ಒರೆಸಿಬಿಟ್ಟಿದ್ದ, ಗುಂಡಿನ ಹೊಗಿ ಮಸಿ ಎಲ್ಲಾ ಹೋತು, ಎಷ್ಟು ದೂರದಿಂದ ಹೊಡೆದಾರ ಅನ್ನೋದಕ್ಕ ಇದ್ದ ಸಾಕ್ಷಿನೂ ಹೋತು, ಇವತ್ತಿಗೂ ಸಂಕಟ ಆಕ್ಕೈತಿ. ಬಟ್ಟಿ ಸಮೇತ ಎಕ್ಸ್‌ರೇ, ಸ್ಕೇಲ್ ಇಟ್ಟು ಫೋಟೋ, ಆಮ್ಯಾಲ ಬಟ್ಟಿ ಬಿಚ್ರಿ, ತೂತಿನ ಮ್ಯಾಲ ಕತ್ರಿ ಹಾಕಬ್ಯಾಡ್ರಿ. ನೆರಳಾಗ ಒಣಗಿಸಿ ಪೇಪರ್ ಕವರಿಗೆ ಹಾಕ್ರಿ, ಪ್ಲಾಸ್ಟಿಕ್‌ನಾಗ ಹಸಿ ಬಟ್ಟಿ ಬೂಷ್ಟು ಹಿಡಿತೈತಿ. ಮೇ ತಿಂಗಳ ಬಿಸಲಾಗಂತೂ ತಡ ಮಾಡಬ್ಯಾಡ್ರಿ, ಬಾಡಿ ಕೊಳೆತು ಚರ್ಮ ಸುಲಿದ್ರ ಗುರುತೂ ಅದ್ರ ಜೋಡಿ ಹೋಗ್ತಾವ.

ಈಗ ಗಾಯ. ಗನ್ನಿನ ನಳಿಗಿ ತಲಿಗೆ ಒತ್ತಿ ಹೊಡೆದಿದ್ರ ಗ್ಯಾಸ್ ಚರ್ಮ ಮತ್ತ ಎಲುಬಿನ ನಡುವ ನುಗ್ಗಿ, ಹೋಗಾಕ ದಾರಿ ಸಿಗದ ಚರ್ಮ ಉಬ್ಬಿಸಿ ನಕ್ಷತ್ರದಂಗ ಸೀಳ್ತೈತಿ. ಇದನ್ನ ನೋಡಿ ಭಾಳ ಮಂದಿ ಗುಂಡು ಹೊರಗ ಬಂದ ಗಾಯ ಅಂತ ತಪ್ಪು ಬರೀತಾರ. ಸೀಳಿದ ತುದಿ ಕೂಡಿಸಿ ನೋಡ್ರಿ, ನಡುವ ತೂತು ಕಾಣ್ತೈತಿ, ಎಲುಬಿನ ಮ್ಯಾಲ ಮಸಿ ಇರ್ತೈತಿ, ಬುರುಡಿ ತೂತು ಒಳಗಿನ ಬದಿಗೆ ಅಗಲ ಆಗಿರ್ತೈತಿ, ಕಾರ್ಬನ್ ಮೋನಾಕ್ಸೈಡ್‌ನಿಂದ ಸುತ್ತಲ ಮಾಂಸ ಢಾಳ ಕೆಂಪಗೂ ಕಾಣಬಹುದು.

ಸ್ವಲ್ಪ ದೂರ ಇದ್ರ ಎರಡು ಗುರುತು ಬ್ಯಾರೆ ಮಾಡ್ರಿ. ಮಸಿ ಒರೆಸಿದ್ರ ಹೋಗ್ತೈತಿ, ಸುಡದ ಸಿಡಿಮದ್ದಿನ ಕಾಳು ಬಡಿದು ಆದ ಚುಕ್ಕಿ ಅಂದ್ರ ಟ್ಯಾಟೂಯಿಂಗ್ ಹೋಗಂಗಿಲ್ಲ. ಪಿಸ್ತೂಲಿಗೆ ಮಸಿ ಅಂದಾಜು 30 ಸೆಂ.ಮೀ. ತನಕ, ಚುಕ್ಕಿ 60 ರಿಂದ 90 ಸೆಂ.ಮೀ. ತನಕ, ಆದ್ರ ಗನ್ನು, ಮದ್ದು ಬದಲಾದ್ರ ಇದೂ ಬದಲಾಗ್ತೈತಿ, ಕರೀ ಮದ್ದಿನ ನಾಡಬಂದೂಕಿಗೆ ಮಸಿ ಭಾಳ ಜಾಸ್ತಿ. ಅಂಗಿ ಇದ್ರ ಮಸಿ ಅಂಗೀಗೇ ನಿಂತಿರಬಹುದು, ಅದಕ್ಕ ಚರ್ಮ ಕ್ಲೀನ್ ಐತಿ ಅಂತ ದೂರದ ಗುಂಡು ಅನ್ನಬ್ಯಾಡ್ರಿ. ರಿಪೋರ್ಟಿನ್ಯಾಗ ಇಷ್ಟೇ ಫೂಟು ಅಂತ ಖಡಾಖಂಡಿತ ಬರೀದ ಮಸಿ, ಚುಕ್ಕಿ ಎಷ್ಟು ಅಗಲ ಹರಡೈತಿ ಅಳೆದು ಬರೀರಿ, ಅದೇ ಗನ್ನಿಂದ ಟೆಸ್ಟ್ ಫೈರ್ ಮಾಡಿ ದೂರ ಹೇಳೋದು ಎಫ್‌ಎಸ್‌ಎಲ್‌ (ಫೊರೆನ್ಸಿಕ್ ಲ್ಯಾಬ್) ನವ್ರ ಕೆಲಸ.

ಗುಂಡು ತೆಗೆಯೋವಾಗ ಹಲ್ಲು ಇರೋ ಫೋರ್ಸೆಪ್ಸ್ (ಚಿಮಟ) ಬ್ಯಾಡ, ಗ್ಲೋವ್ಸ್ ಬೆರಳಿಲೆ ತೆಗೀರಿ. ಗುಂಡಿನ ಮಗ್ಗಲ ಗೀರು ನೋಡೇ ಗನ್ನು ಹೊಂದಿಸ್ತಾರ, ಗುರುತು ಹಾಕೋದಿದ್ರ ಬುಡಕ್ಕ ಹಾಕ್ರಿ.