ಭೇದಿಗೆ ಉಪ್ಪು-ಸಕ್ಕರೆ ನೀರು: ನಾನು ಅಳೆದು ಮಾಡುವ ಕ್ರಮ

ಮನೆಯಲ್ಲಿ ಯಾರಿಗಾದರೂ ನೀರು ನೀರಾಗಿ ಭೇದಿ ಶುರುವಾದರೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ನಿಲ್ಲಿಸೋಕೆ ಏನು ಕೊಡೋಣ? ಉಪ್ಪು-ಸಕ್ಕರೆ ನೀರು ಕೊಟ್ಟು ಮೂರು ಗಂಟೆ ಕಾದು, ‘ಇನ್ನೂ ನಿಂತಿಲ್ಲ, ಇದರಿಂದ ಪ್ರಯೋಜನ ಇಲ್ಲ’ ಅಂತ ಬಿಟ್ಟುಬಿಡುವವರು ಬಹಳ. ಈ ನೀರು ಭೇದಿಯನ್ನು ನಿಲ್ಲಿಸುವುದಿಲ್ಲ. ಹೊರಗೆ ಹೋದ ನೀರು ಮತ್ತು ಲವಣವನ್ನು ಒಳಗೆ ತುಂಬುವುದಷ್ಟೇ ಇದರ ಕೆಲಸ. ಭೇದಿಯಲ್ಲಿ ಜೀವಕ್ಕೆ ಕುತ್ತು ಬರುವುದು ಹೆಚ್ಚಾಗಿ ಆ ಕೊರತೆಯಿಂದಲೇ.

ನೀರಷ್ಟೇ ಕುಡಿಸಿದರೆ ಯಾಕೆ ಸಾಲದು? ಸಣ್ಣ ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸನ್ನು ಜೋಡಿಯಾಗಿ ಒಳಗೆ ಎಳೆದುಕೊಳ್ಳುವ ದಾರಿಯಿದೆ. ಭೇದಿ ಜೋರಾಗಿದ್ದಾಗಲೂ ಅದು ಕೆಲಸ ಮಾಡುತ್ತಿರುತ್ತದೆ. ಅವೆರಡೂ ಒಳಹೋದರೆ ನೀರು ಹಿಂದೆಯೇ ಹೋಗುತ್ತದೆ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರಾವಣ ಮುಗಿಯುತ್ತಾ ಬಂದಾಗ ಡಾ. ದಿಲೀಪ್ ಮಹಲನಬಿಸ್ ಇದೇ ಮಿಶ್ರಣವನ್ನು ಡ್ರಮ್ಮುಗಳಲ್ಲಿ ಕಲಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಸುಮಾರು 30 ಶೇಕಡಾ ಇದ್ದ ಸಾವಿನ ಪ್ರಮಾಣ 4ಕ್ಕಿಂತ ಕೆಳಗಿಳಿಯಿತು.

ಔಷಧಿ ಅಂಗಡಿಯ ಓಆರ್‌ಎಸ್ ಪುಡಿ (ನೀರಿಗೆ ಕಲಸಿ ಕುಡಿಸುವ, ಅಳೆದು ಬೆರೆಸಿದ ಲವಣ-ಗ್ಲೂಕೋಸ್) ಸಿಕ್ಕರೆ ನನ್ನ ಮೊದಲ ಆಯ್ಕೆ ಅದೇ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಒಂದು ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸಿಟ್ರೇಟ್ 2.9 ಗ್ರಾಂ ಇರುತ್ತದೆ. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಸಣ್ಣದು 200 ಮಿಲಿಗೆ. ತಪ್ಪು ಆಗುವುದು ಇಲ್ಲೇ: ದೊಡ್ಡ ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿಯುತ್ತಾರೆ, ಇಲ್ಲವೇ ಸ್ವಲ್ಪ ಸ್ವಲ್ಪ ಪುಡಿ ತೆಗೆದು ಲೋಟಕ್ಕೆ ಕಲಸುತ್ತಾರೆ. ಮೊದಲನೆಯದರಿಂದ ಮಗುವಿನ ರಕ್ತದಲ್ಲಿ ಸೋಡಿಯಂ ಅಪಾಯದ ಮಟ್ಟಕ್ಕೆ ಏರಬಹುದು. ಎರಡನೆಯದರಲ್ಲಿ ಪುಡಿಯೊಳಗಿನ ಉಪ್ಪು, ಗ್ಲೂಕೋಸ್ ಪ್ರತಿ ಲೋಟಕ್ಕೂ ಸಮನಾಗಿ ಬರುವುದಿಲ್ಲ. ಪೊಟ್ಟಣ ಒಡೆದರೆ ಪೂರ್ತಿ ಕಲಸಿಬಿಡಬೇಕು. ಡಬ್ಬಿಯಲ್ಲಿ ಬರುವ ಸಿಹಿ ಹಣ್ಣಿನ ಪಾನೀಯಗಳನ್ನು ಓಆರ್‌ಎಸ್ ಅಂದುಕೊಂಡು ಕೊಡಬೇಡಿ. ಅವುಗಳಲ್ಲಿ ಸಕ್ಕರೆ ಹೆಚ್ಚು, ಉಪ್ಪು ಕಡಿಮೆ. ಸಕ್ಕರೆ ಹೆಚ್ಚಾದರೆ ಅದು ಕರುಳಿನೊಳಕ್ಕೇ ನೀರು ಎಳೆದು ಭೇದಿಯನ್ನು ಬೆಳೆಸುತ್ತದೆ. ಪೊಟ್ಟಣದ ಮೇಲಿನ ಗ್ರಾಂ ಲೆಕ್ಕವನ್ನು ಮೇಲಿನ ಸೂತ್ರಕ್ಕೆ ಹೋಲಿಸಿ ನೋಡಿ.

ಪುಡಿ ಸಿಗದ ರಾತ್ರಿ ಮನೆಯಲ್ಲೇ ಮಾಡಬೇಕು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಅರ್ಧ ಟೀ ಚಮಚ ಉಪ್ಪು, ಆರು ಟೀ ಚಮಚ ಸಕ್ಕರೆ. ಚಮಚ ಮಟ್ಟಸವಾಗಿರಬೇಕು. ನಾನು ಚಮಚವನ್ನು ಡಬ್ಬಿಯಲ್ಲಿ ಮುಳುಗಿಸಿ ಎತ್ತಿ, ಚಾಕುವಿನ ಬೆನ್ನಿನಿಂದ ಮೇಲ್ಭಾಗ ಸವರಿ ಹೆಚ್ಚಿದ್ದನ್ನು ಡಬ್ಬಿಗೇ ಬೀಳಿಸುತ್ತೇನೆ. ಉಪ್ಪಿಗೆ ಅದೇ ಮಟ್ಟದ ಚಮಚದಲ್ಲಿ ಮಧ್ಯಕ್ಕೆ ಗೆರೆ ಎಳೆದು ಅರ್ಧ ತಳ್ಳಿಬಿಡುತ್ತೇನೆ. ಗೋಪುರದ ಹಾಗೆ ತುಂಬಿದ ಚಮಚದಲ್ಲಿ ಉಪ್ಪು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಕಲ್ಲುಪ್ಪು ಬೇಡ. ಹರಳುಗಳ ಮಧ್ಯೆ ಸಂದು ಉಳಿಯುವುದರಿಂದ ಅಳತೆ ಸಿಗುವುದಿಲ್ಲ. ‘ಒಂದು ಚಿಟಿಕೆ, ಒಂದು ಹಿಡಿ’ ಲೆಕ್ಕವೂ ಬೇಡ, ಕೈಯಿಂದ ಕೈಗೆ ಅದು ಬದಲಾಗುತ್ತದೆ. ನೀರಿಗೆ ಗೆರೆಯಿರುವ ಲೀಟರ್ ಬಾಟಲಿಯೇ ಆಗಬೇಕು. ಕಲಸಿದ ಮೇಲೆ ರುಚಿ ನೋಡಿ. ಕಣ್ಣೀರಿಗಿಂತ ಹೆಚ್ಚು ಉಪ್ಪಾಗಿದ್ದರೆ ಚೆಲ್ಲಿ ಹೊಸದು ಮಾಡಿ. ಕಲಸಿದ್ದನ್ನು ಮತ್ತೆ ಕುದಿಸಬಾರದು, 24 ಗಂಟೆ ದಾಟಿಸಬಾರದು.

ಈ ಮನೆ ನೀರಿನಲ್ಲಿ ಪೊಟ್ಯಾಸಿಯಂ ಇಲ್ಲ. ಅದಕ್ಕೆ ಪಕ್ಕದಲ್ಲಿ ಬಾಳೆಹಣ್ಣು ಅಥವಾ ಎಳನೀರು ಕೊಡುತ್ತೇನೆ. ಎಳನೀರೊಂದನ್ನೇ ನಂಬಿ ಕೂರಬೇಡಿ, ಅದರಲ್ಲಿ ಸೋಡಿಯಂ ತೀರಾ ಕಡಿಮೆ. ಸಕ್ಕರೆಯ ಬದಲು ಗಂಜಿಯೂ ಆಗುತ್ತದೆ, ಏಕೆಂದರೆ ಅಕ್ಕಿಯ ಪಿಷ್ಟ ಕರುಳಲ್ಲಿ ನಿಧಾನವಾಗಿ ಗ್ಲೂಕೋಸ್ ಆಗುತ್ತದೆ. ಸುಮಾರು 50 ಗ್ರಾಂ ಅಕ್ಕಿಯನ್ನು ಪೂರ್ತಿ ಕರಗುವಷ್ಟು ಬೇಯಿಸಿ, ಕಡೆದು, ಒಟ್ಟು ಒಂದು ಲೀಟರ್ ಆಗುವಂತೆ ಕುದಿಸಿದ ನೀರು ಸೇರಿಸಿ, ಅರ್ಧ ಟೀ ಚಮಚ ಉಪ್ಪು ಹಾಕಿ. ಬೇಸಿಗೆಯಲ್ಲಿ ಇದು ಬೇಗ ಹುಳಿಯುತ್ತದೆ, ನಾನು ಆರು ಗಂಟೆಯೊಳಗೆ ಮುಗಿಸುತ್ತೇನೆ. ಉಳಿದದ್ದನ್ನು ಇಟ್ಟುಕೊಳ್ಳುವುದಿಲ್ಲ.

ಕುಡಿಸುವ ಕೈಚಳಕ ಬೇರೆಯೇ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿ, ಎರಡರಿಂದ ಹತ್ತು ವರ್ಷದವರಿಗೆ 100ರಿಂದ 200 ಮಿಲಿ, ದೊಡ್ಡವರಿಗೆ ಬೇಕಾದಷ್ಟು. ಬಾಯಾರಿದ ಮಗು ಲೋಟವನ್ನು ಗಟಗಟನೆ ಮುಗಿಸಿ ಐದು ನಿಮಿಷದಲ್ಲಿ ಪೂರ್ತಿ ವಾಂತಿ ಮಾಡಿಬಿಡುತ್ತದೆ. ಆಗ ಹತ್ತು ನಿಮಿಷ ಬಿಟ್ಟು, ಎರಡು ಮೂರು ನಿಮಿಷಕ್ಕೊಂದು ಚಮಚ. ರಾತ್ರಿಯೆಲ್ಲ ಹೀಗೆ ಕೂರುವುದು ಬೇಸರದ ಕೆಲಸ, ಆದರೆ ವಾಂತಿ ಇದ್ದಾಗಲೂ ಈ ನಿಧಾನದಲ್ಲಿ ಹೆಚ್ಚಿನ ಮಕ್ಕಳ ಹೊಟ್ಟೆಯಲ್ಲಿ ನೀರು ನಿಲ್ಲುತ್ತದೆ. ಎದೆಹಾಲು ನಿಲ್ಲಿಸುವ ಮಾತೇ ಬೇಡ.

ಹಳೆಯ ಕಾಲದ ಲಂಘನದ ಹೆಸರಲ್ಲಿ ಮಕ್ಕಳನ್ನು ಉಪವಾಸ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಊಟ ಸಿಗದಿದ್ದರೆ ಸವೆದ ಕರುಳಿನ ಗೋಡೆ ಬೇಗ ಸುಧಾರಿಸಿಕೊಳ್ಳುವುದಿಲ್ಲ. ಮೆತ್ತಗಿನ ಮೊಸರನ್ನ, ಹೆಸರುಬೇಳೆ ಹಾಕಿದ ಖಾರವಿಲ್ಲದ ಅನ್ನ, ಇಡ್ಲಿ ಸಾಕು. ಬೇಯಿಸಿದ ಬಾಳೆಕಾಯಿ ನಿಜಕ್ಕೂ ಉಪಯೋಗಿ, ವಾರಗಟ್ಟಲೆ ಎಳೆಯುವ ಭೇದಿಯಲ್ಲಿ ಬಾಂಗ್ಲಾದೇಶದಲ್ಲಿ ಮಕ್ಕಳ ಮೇಲೆ ಪರೀಕ್ಷಿಸಿ ಫಲ ಕಂಡಿದ್ದಾರೆ. ಮಲೆನಾಡಿನ ದಾಳಿಂಬೆ ಸಿಪ್ಪೆಯ ತಂಬುಳಿ ದೊಡ್ಡವರಿಗೆ ಊಟದ ಜೊತೆ ಹಿತ, ಆದರೆ ನೀರು ತುಂಬುವ ಕೆಲಸಕ್ಕೆ ಅದು ಬದಲಿಯಲ್ಲ. ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆ ಮಕ್ಕಳಿಗೆ ಕೊಡಬೇಡಿ.

ಮನೆಮದ್ದು ಸಾಕು ಅನ್ನುವುದು ಎಲ್ಲಿಯವರೆಗೆ? ಹೊಟ್ಟೆಯ ಮೇಲಿನ ಚರ್ಮವನ್ನು ಬೆರಳುಗಳಿಂದ ಮಡಿಸಿ ಬಿಟ್ಟಾಗ ಅದು ತಟ್ಟನೆ ಕೂರಬೇಕು. ಮೆಲ್ಲಗೆ ಮರಳಿದರೆ ನೀರು ಬಹಳ ಹೋಗಿದೆ, ಎರಡು ಸೆಕೆಂಡಿಗಿಂತ ಹೆಚ್ಚಾದರೆ ಸ್ಥಿತಿ ಗಂಭೀರ. ಕಣ್ಣು ಗುಳಿ ಬಿದ್ದಿದ್ದರೆ, ಅತ್ತಾಗ ಕಣ್ಣೀರು ಬಾರದಿದ್ದರೆ, ಆರು ಗಂಟೆಗೂ ಮೂತ್ರ ಇಲ್ಲದಿದ್ದರೆ, ಮಂಪರು ಬಂದು ಕುಡಿಯಲೂ ಆಗದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ಅಕ್ಕಿ ತೊಳೆದ ನೀರಿನಂತೆ ಹೋಗುತ್ತಿದ್ದರೆ ಆಸ್ಪತ್ರೆಗೆ ಹೊರಡಿ, ದಾರಿಯುದ್ದಕ್ಕೂ ಚಮಚದಲ್ಲಿ ಕುಡಿಸುತ್ತಲೇ ಇರಿ. ಆರು ತಿಂಗಳೊಳಗಿನ ಕೂಸಿಗೆ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರಿಗೆ, ಬಿ.ಪಿ.ಗೆ ನೀರು ಮಾತ್ರೆ (ಮೂತ್ರ ಹೆಚ್ಚಿಸುವ ಮಾತ್ರೆ) ನುಂಗುವ ವಯಸ್ಸಾದವರಿಗೆ ವೈದ್ಯರನ್ನು ಮೊದಲ ದಿನವೇ ಕೇಳಬೇಕು.

ಮಕ್ಕಳಿಗೆ ಜೊತೆಗೆ ಸತುವಿನ (ಜಿಂಕ್) ಮಾತ್ರೆ ಬೇಕು, ಆಶಾ ಕಾರ್ಯಕರ್ತೆಯ ಹತ್ತಿರವೂ ಕೇಳಬಹುದು. ಆರು ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿಗ್ರಾಂ, ಅದಕ್ಕಿಂತ ಚಿಕ್ಕವರಿಗೆ 10 ಮಿಗ್ರಾಂ. ಚಮಚದಲ್ಲಿ ಎದೆಹಾಲು ಅಥವಾ ಕುದಿಸಿ ಆರಿಸಿದ ನೀರು ಹಾಕಿ ಕರಗಿಸಿ ಕೊಡಬೇಕು. ಮೂರನೇ ದಿನ ಭೇದಿ ನಿಂತ ಕೂಡಲೇ ಮಾತ್ರೆಯ ಹಾಳೆಯನ್ನು ಡಬ್ಬಿಗೆ ಹಾಕಿಬಿಡುತ್ತಾರೆ. ಅದನ್ನು 10ರಿಂದ 14 ದಿನ ಪೂರ್ತಿ ಕೊಡಬೇಕು, ಮುಂದಿನ ಎರಡು ಮೂರು ತಿಂಗಳಲ್ಲಿ ಭೇದಿ ಮತ್ತೆ ಬರುವುದು ತಗ್ಗುವುದು ಆಗಲೇ.